ತಿದ್ದುವ ಕೈ: ಪತ್ರಕರ್ತ ಅಣ್ಣಾದುರೈ ಶಾಸಕರಾದ ಬಗೆ

(ಪತ್ರಿಕೋದ್ಯಮದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಪತ್ರಕರ್ತನೊಬ್ಬ ಶಾಸಕನಾದಾಗ ಹಳೆಯ ಕಸುಬಿನಿಂದ ಏನನ್ನು ಬಿಟ್ಟು ಬರುತ್ತಾನೆ, ಏನನ್ನು ಜೊತೆಗೆ ತರುತ್ತಾನೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಇವತ್ತು ಮಾತನಾಡುತ್ತೇನೆ. ಇದಕ್ಕೆ ನಾನು ಆರಿಸಿಕೊಂಡಿರುವ ವ್ಯಕ್ತಿ ಪಕ್ಕದ ತಮಿಳುನಾಡಿನ ಸಿ.ಎನ್. ಅಣ್ಣಾದುರೈ. ಕನ್ನಡಿಗರಾದ ನಮಗೆ ಅವರ ಪರಿಚಯ ಇರುವುದು ಬಹುಮಟ್ಟಿಗೆ ಹಿಂದಿ ಹೇರಿಕೆಯ ವಿರುದ್ಧ ನಿಂತ ನಾಯಕರೆಂದು, ಇಲ್ಲವೇ ಅವರು ತೀರಿಕೊಂಡ ಮೇಲೆ ಹುಟ್ಟಿದ ಪಕ್ಷವೊಂದರ ಹೆಸರಿನಲ್ಲಿ ಸೇರಿಕೊಂಡಿರುವ 'ಅಣ್ಣಾ' ಎಂಬ ಎರಡು ಅಕ್ಷರಗಳ ಮೂಲಕ. ಅವರು ರಾಜಕಾರಣವನ್ನು ಕಲಿತದ್ದು ಪತ್ರಿಕಾ ಕಚೇರಿಯ ಮೇಜಿನ ಮೇಲೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಉಪಸಂಪಾದಕನಾಗಿ ಕೆಲಸ ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅವನ ಮುಖ್ಯ ಕೆಲಸ ಬರೆಯುವುದಲ್ಲ, ತಿದ್ದುವುದು. ಮುಂದೆ ಬಂದು ಬಿದ್ದ ಕಾಪಿಯಲ್ಲಿ ಯಾವುದನ್ನು ಹೊಡೆದು ಹಾಕಿದರೂ ಅರ್ಥ ಕೆಡುವುದಿಲ್ಲ, ಯಾವ ಒಂದು ಪದವನ್ನು ಕದಲಿಸಿದರೆ ಇಡೀ ಸುದ್ದಿ ಕುಸಿಯುತ್ತದೆ ಎಂದು ಅವನು ಅರೆಗಳಿಗೆಯಲ್ಲಿ ತೀರ್ಮಾನಿಸಬೇಕು. ಅಣ್ಣಾದುರೈ ಅವರ ರಾಜಕೀಯ ಜೀವನದ ದೊಡ್ಡ ನಿರ್ಧಾರಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಅವೆಲ್ಲ ಒಂದಲ್ಲ ಒಂದು ರೀತಿಯ ತಿದ್ದುಪಡಿಗಳೇ ಎಂದು ನನಗೆ ಕಾಣುತ್ತದೆ. ಕೆಲವು ತಿದ್ದುಪಡಿಗಳನ್ನು ಅವರ ವಿರೋಧಿಗಳು ಶರಣಾಗತಿ ಎಂದು ಕರೆದರು. ಆ ಮಾತಿಗೂ ಮುಂದೆ ಬರುತ್ತೇನೆ.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 15ರಂದು, ಕಾಂಚೀಪುರದ ನೇಕಾರ ಸಮುದಾಯದ ಸಾಧಾರಣ ಕುಟುಂಬದಲ್ಲಿ. ಓದಿನ ನಡುವೆ ಕೆಲಕಾಲ ಊರಿನ ಪುರಸಭೆಯಲ್ಲಿ ಗುಮಾಸ್ತಿಕೆ ಮಾಡಿ, ಆಮೇಲೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿತು ಎಂ.ಎ. ಮುಗಿಸಿದರು. 1935ರಲ್ಲಿ ಬ್ರಾಹ್ಮಣೇತರರ ಜಸ್ಟಿಸ್ ಪಕ್ಷ ಸೇರಿ, ಮರುವರ್ಷವೇ ಮದ್ರಾಸ್ ಕಾರ್ಪೊರೇಷನ್ ಚುನಾವಣೆಗೆ ನಿಂತು ಸೋತರು. ಅವರು ಪೂರ್ಣಪ್ರಮಾಣದಲ್ಲಿ ಪತ್ರಿಕೆಯ ಕಡೆಗೆ ತಿರುಗಿದ್ದು ಈ ಸೋಲಿನ ನಂತರದ ವರ್ಷಗಳಲ್ಲಿ. ಜಸ್ಟಿಸ್ ಪಕ್ಷದ ಇಂಗ್ಲಿಷ್ ಪತ್ರಿಕೆಯಲ್ಲೂ ದ್ರಾವಿಡ ಚಳವಳಿಯ ಹಿರಿಯ ನಾಯಕ, ತಮ್ಮ ಗುರು ಪೆರಿಯಾರ್ ಅವರ ವಿಡುದಲೈ ಮತ್ತು ಕುಡಿಯರಸು ಪತ್ರಿಕೆಗಳಲ್ಲೂ ದುಡಿದು, 1942ರಲ್ಲಿ ಕಾಂಚೀಪುರದಿಂದ ದ್ರಾವಿಡ ನಾಡು ಎಂಬ ತಮ್ಮದೇ ವಾರಪತ್ರಿಕೆಯನ್ನು ಹೊರಡಿಸಿದರು. ನಾವು ಸಾಮಾನ್ಯವಾಗಿ ಪತ್ರಿಕೆಯಿಂದ ಚುನಾವಣೆಗೆ ಹೋದವರನ್ನು ಕಾಣುತ್ತೇವೆ. ಇವರು ಚುನಾವಣೆಯಲ್ಲಿ ಸೋತು ಪತ್ರಿಕೆಗೆ ಬಂದವರು. ಮುಂದಿನ ಎರಡು ದಶಕ ಮತ ಕೇಳದೆ ಓದುಗರನ್ನು ಸಂಪಾದಿಸಿದರು. ಆ ಓದುಗರೇ ಮುಂದೆ ಮತದಾರರಾದರು.

ಓದುಗರು ಎಂದೆ, ಕೇಳುಗರು ಎನ್ನುವುದು ಇನ್ನೂ ಸರಿ. ಅಂದಿನ ತಮಿಳು ಪ್ರದೇಶದಲ್ಲಿ ಅಕ್ಷರ ಬಲ್ಲವರು ಕಡಿಮೆ. ಪತ್ರಿಕೆ ಚಹಾದಂಗಡಿಗೆ, ಕ್ಷೌರದಂಗಡಿಗೆ, ಚಳವಳಿಯ ಕಾರ್ಯಕರ್ತರು ನಡೆಸುತ್ತಿದ್ದ ಚಿಕ್ಕ ಚಿಕ್ಕ ವಾಚನಾಲಯಗಳಿಗೆ ಬರುತ್ತಿತ್ತು. ಒಬ್ಬನು ಗಟ್ಟಿಯಾಗಿ ಓದುತ್ತಿದ್ದ, ಹತ್ತಾರು ಮಂದಿ ಕೇಳುತ್ತಿದ್ದರು. ಅಣ್ಣಾದುರೈ ಅವರ ಗದ್ಯ ಈ ಓದಿಗೆ ಹೇಳಿ ಮಾಡಿಸಿದ ಗದ್ಯ. ಆದಿಪ್ರಾಸ, ಅಂತ್ಯಪ್ರಾಸಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ವಾಕ್ಯ ಉದ್ದವಾಗಿದ್ದರೂ ಉಸಿರು ತೆಗೆದುಕೊಳ್ಳುವ ಜಾಗಗಳು ಅದರಲ್ಲಿ ಇರುತ್ತವೆ, ಕೇಳಿದವನು ಮನೆಗೆ ಹೋಗಿ ಅದನ್ನೇ ಇನ್ನೊಬ್ಬನಿಗೆ ಒಪ್ಪಿಸಬಹುದು. ಬಿಡಿಬಿಡಿಯಾಗಿ ಓದುವ ಇಂದಿನ ಓದುಗನಿಗೆ ಈ ಅಲಂಕಾರ ಸ್ವಲ್ಪ ಅತಿಯೆನಿಸೀತು; ನನಗೂ ಎಷ್ಟೋ ಕಡೆ ಹಾಗೆನಿಸಿದೆ. ಆದರೆ ಆ ಬರಹ ಕಣ್ಣಿಗಾಗಿ ಬರೆದದ್ದಲ್ಲ ಎಂಬುದನ್ನು ಮರೆಯಬಾರದು.

1955ರ ಸುಮಾರಿನಿಂದ ಅವರು ಪತ್ರಿಕೆಯಲ್ಲಿ 'ತಂಬಿಗೆ' ಎಂದು ಕಾಗದಗಳನ್ನು ಬರೆಯತೊಡಗಿದರು. ತಂಬಿ ಎಂದರೆ ತಮ್ಮ. ಅವರ ಹೆಸರಿನ ಮೊದಲ ಭಾಗಕ್ಕೆ ತಮಿಳಿನಲ್ಲೂ ಕನ್ನಡದಲ್ಲೂ ಒಂದೇ ಅರ್ಥ. ಊರೂರಿನ ಕಾರ್ಯಕರ್ತನಿಗೆ ಮುಖಂಡರ ಸುತ್ತೋಲೆ ಬರುವ ಬದಲು ಅಣ್ಣನ ಕಾಗದ ಬರುತ್ತಿತ್ತು. ಪಂಚವಾರ್ಷಿಕ ಯೋಜನೆಯಲ್ಲಿ ದಕ್ಷಿಣಕ್ಕೆ ಸಿಕ್ಕ ಪಾಲೆಷ್ಟು, ಬೇರೆ ದೇಶಗಳಲ್ಲಿ ಏನು ನಡೆದಿದೆ, ಪಕ್ಷದೊಳಗೆ ಜಗಳವಾದಾಗ ಹೇಗೆ ನಡೆದುಕೊಳ್ಳಬೇಕು, ಎಲ್ಲವೂ ಆ ಕಾಗದಗಳಲ್ಲಿತ್ತು. ಪಕ್ಷ ಕಟ್ಟುವುದಕ್ಕೆ ಹಣವಿಲ್ಲದವರು ಒಂದು ಸಂಬಂಧವಾಚಕವನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಪೆರಿಯಾರ್ ಅವರೊಂದಿಗಿನ ಅಗಲಿಕೆಯ ಕಥೆ ದೊಡ್ಡದು, ಇಲ್ಲಿ ಅದರ ಅಗತ್ಯವಿರುವಷ್ಟನ್ನು ಮಾತ್ರ ಹೇಳುತ್ತೇನೆ. 1947ರ ಆಗಸ್ಟ್ 15ನ್ನು ಪೆರಿಯಾರ್ ಶೋಕದ ದಿನವೆಂದು ಕರೆದಾಗ ಅಣ್ಣಾದುರೈ ಅದನ್ನು ಒಪ್ಪದೆ ತಮ್ಮ ಪತ್ರಿಕೆಯಲ್ಲಿ ಬಹಿರಂಗವಾಗಿ ಬೇರೆ ಮಾತು ಬರೆದರು. ಎರಡು ವರ್ಷಗಳ ಬಳಿಕ, 1949ರ ಸೆಪ್ಟೆಂಬರಿನಲ್ಲಿ, ಮದ್ರಾಸಿನ ರಾಬಿನ್ಸನ್ ಪಾರ್ಕಿನಲ್ಲಿ ಸುರಿಯುವ ಮಳೆಯಲ್ಲಿ ದ್ರಾವಿಡ ಮುನ್ನೇತ್ರ ಕಳಗಂ (ಡಿಎಂಕೆ) ಹುಟ್ಟಿತು. ಹೊಸ ಪಕ್ಷದ ಅಧ್ಯಕ್ಷ ಪೀಠವನ್ನು ಪೆರಿಯಾರ್ ಅವರಿಗಾಗಿ ಖಾಲಿ ಬಿಟ್ಟು, ಅಣ್ಣಾದುರೈ ಪ್ರಧಾನ ಕಾರ್ಯದರ್ಶಿಯಾದರು. ಗುರುವನ್ನು ತೊರೆದು ಬಂದ ಪಕ್ಷವು ಗುರುವಿನ ಕುರ್ಚಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಪೆರಿಯಾರ್ ಕೊನೆಯವರೆಗೂ ಚುನಾವಣೆಯಿಂದ ದೂರ ನಿಂತರು. ಡಿಎಂಕೆ ಕೂಡ 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸ್ಪರ್ಧಿಸಲಿಲ್ಲ. 1956ರಲ್ಲಿ ತಿರುಚಿನಾಪಳ್ಳಿಯಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ, ಚುನಾವಣೆಗೆ ಇಳಿಯಬೇಕೇ ಬೇಡವೇ ಎಂಬುದನ್ನು ನಾಯಕರು ತಾವೇ ನಿರ್ಧರಿಸದೆ, ಪೆಟ್ಟಿಗೆ ಇಟ್ಟು ಬಂದವರಿಂದ ಮತ ಹಾಕಿಸಿದರು. ಇಳಿಯಬೇಕು ಎಂದವರೇ ಬಹಳ ಹೆಚ್ಚು. ಮರುವರ್ಷದ ಚುನಾವಣೆಯಲ್ಲಿ ಪಕ್ಷಕ್ಕೆ ಇನ್ನೂ ಮಾನ್ಯತೆಯಾಗಲಿ ತನ್ನದೇ ಚಿಹ್ನೆಯಾಗಲಿ ಇರಲಿಲ್ಲ. ಅಭ್ಯರ್ಥಿಗಳು ದಾಖಲೆಯ ಪ್ರಕಾರ ಪಕ್ಷೇತರರು. ಹದಿನೈದು ಮಂದಿ ಗೆದ್ದರು, ಅವರಲ್ಲಿ ಕಾಂಚೀಪುರದಿಂದ ಅಣ್ಣಾದುರೈ ಒಬ್ಬರು.

ಅವರು ಪ್ರವೇಶಿಸಿದ ಸದನ ಎಂಥದು ಎಂಬುದನ್ನು ಗಮನಿಸಬೇಕು. 1952ರ ಮದ್ರಾಸ್ ವಿಧಾನಸಭೆಗೆ ನಮ್ಮ ಮಂಗಳೂರು, ಉಡುಪಿ, ಕೊಳ್ಳೇಗಾಲದ ಜನರೂ ಪ್ರತಿನಿಧಿಗಳನ್ನು ಕಳಿಸಿದ್ದರು. ಅಲ್ಲಿ ತೆಲುಗರು, ಮಲಯಾಳಿಗಳು, ಕನ್ನಡಿಗರು, ತುಳುವರು ಎಲ್ಲರೂ ಇದ್ದರು. 1953ರಲ್ಲಿ ಆಂಧ್ರ ಬೇರೆಯಾಯಿತು. 1956ರ ನವೆಂಬರ್ 1ರಂದು ಮಲಬಾರು ಕೇರಳಕ್ಕೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಮೈಸೂರಿಗೆ ಸೇರಿದವು. ಹೀಗೆ, ನಾಲ್ಕು ಭಾಷೆಗಳ ದ್ರಾವಿಡ ನಾಡನ್ನು ಪ್ರತ್ಯೇಕ ದೇಶವಾಗಿ ಕೇಳುತ್ತಿದ್ದ ಸಂಪಾದಕ 1957ರಲ್ಲಿ ಸದನದ ಮೆಟ್ಟಿಲು ಹತ್ತುವ ಹೊತ್ತಿಗೆ ಉಳಿದ ಮೂರು ಭಾಷೆಗಳ ಬಹುತೇಕ ಸದಸ್ಯರು ಆ ಸದನದಿಂದ ಎದ್ದು ಹೋಗಿದ್ದರು. ಅವರ ಪತ್ರಿಕೆಯ ಹೆಸರು ಒಂದನ್ನು ಹೇಳುತ್ತಿತ್ತು, ಅವರು ಕುಳಿತಿದ್ದ ಸದನ ಇನ್ನೊಂದನ್ನು ಹೇಳುತ್ತಿತ್ತು. ಕನ್ನಡಿಗರಲ್ಲಾಗಲಿ ತೆಲುಗರಲ್ಲಾಗಲಿ ಆ ಬೇಡಿಕೆಗೆ ಎಂದೂ ಬೆಂಬಲ ಹುಟ್ಟಲಿಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಅಣ್ಣಾದುರೈ ಅವರಿಗೂ ಅದು ಗೊತ್ತಿಲ್ಲದೆ ಇರಲಿಲ್ಲ ಎಂದು ನನ್ನ ಊಹೆ.

ಆ ಐದು ವರ್ಷ ಮುಖ್ಯಮಂತ್ರಿ ಕಾಮರಾಜರು ಆಡಳಿತ ಪಕ್ಷದ ಸಾಲಿನಲ್ಲಿದ್ದರು. ಕಡಿಮೆ ಮಾತಿನ, ಊರೂರಿಗೆ ಶಾಲೆ ಕಟ್ಟಿಸುತ್ತಿದ್ದ, ಜನರಿಗೆ ಬೇಕಾದ ಮನುಷ್ಯ. ಎದುರಿನ ಸಾಲಿನಲ್ಲಿ ಗಿಡ್ಡ ಆಳ್ತನದ, ನಶ್ಯದ ಅಭ್ಯಾಸವಿದ್ದ, ಉಡುಪಿನ ಓರಣದ ಗೋಜಿಗೆ ಹೋಗದ, ಮಾತಿಗೆ ನಿಂತರೆ ಗ್ಯಾಲರಿ ತುಂಬಿಸುತ್ತಿದ್ದ ಅಣ್ಣಾದುರೈ. ಆ ಅವಧಿಯಲ್ಲಿ ರಾಜ್ಯದ ಹೆಸರನ್ನು ತಮಿಳುನಾಡು ಎಂದು ಬದಲಿಸಬೇಕೆಂದು ಅವರ ಪಕ್ಷ ತಂದ ನಿರ್ಣಯ ಬಿದ್ದುಹೋಯಿತು. ಅದೇ ಬೇಡಿಕೆಗಾಗಿ 1956ರಲ್ಲಿ ಶಂಕರಲಿಂಗನಾರ್ ಎಂಬ ಹಿರಿಯ ಗಾಂಧೀವಾದಿ ಎರಡು ತಿಂಗಳಿಗೂ ಹೆಚ್ಚು ಕಾಲ ಉಪವಾಸವಿದ್ದು ಪ್ರಾಣ ಬಿಟ್ಟಿದ್ದರು. ಆ ಸಾವಿನಿಂದಲೂ ಸದನದ ಮನಸ್ಸು ಕರಗಿರಲಿಲ್ಲ.

1962ರಲ್ಲಿ ವಿಚಿತ್ರ ನಡೆಯಿತು. ಪಕ್ಷದ ಬಲ ಹದಿನೈದರಿಂದ ಐವತ್ತಕ್ಕೆ ಏರಿತು, ಆದರೆ ಹಳೆಯ ಹದಿನೈದು ಮಂದಿಯಲ್ಲಿ ಮತ್ತೆ ಗೆದ್ದವರು ಕರುಣಾನಿಧಿ ಒಬ್ಬರೇ. ಅವರನ್ನೆಲ್ಲ ಗುರಿಯಿಟ್ಟು ಸೋಲಿಸಲು ಕಾಂಗ್ರೆಸ್ ಯೋಜನೆ ಹಾಕಿತ್ತು. ಕಾಂಚೀಪುರದಲ್ಲಿ ಬಸ್ಸುಗಳ ಮಾಲೀಕರೊಬ್ಬರ ಎದುರು ಅಣ್ಣಾದುರೈ ಅವರೇ ಸೋತರು. ಅದೇ ವರ್ಷ ಅವರು ರಾಜ್ಯಸಭೆಗೆ ಹೋದರು.

ಇಲ್ಲಿಂದ ಮುಂದೆ ನನಗೆ ಆ ತಿದ್ದುವ ಕೈ ಸ್ಪಷ್ಟವಾಗಿ ಕಾಣತೊಡಗುತ್ತದೆ. ರಾಜ್ಯಸಭೆಯ ಮೊದಲ ಭಾಷಣದಲ್ಲಿಯೇ ಅವರು ತಾನು ದ್ರಾವಿಡ ಕುಲಕ್ಕೆ ಸೇರಿದವನೆಂದು ಹೇಳಿ, ದಕ್ಷಿಣಕ್ಕೆ ಸ್ವಯಂ ನಿರ್ಣಯದ ಹಕ್ಕನ್ನು ಕೇಳಿದರು. ಕೆಲವೇ ತಿಂಗಳಲ್ಲಿ ಚೀನಾದೊಂದಿಗೆ ಯುದ್ಧ ಬಂತು. ಬೆಲೆಯೇರಿಕೆ ವಿರೋಧಿ ಹೋರಾಟದಲ್ಲಿ ವೇಲೂರು ಜೈಲಿಗೆ ಹೋಗಿ ಆಗಷ್ಟೇ ಹೊರಬಂದಿದ್ದ ಅಣ್ಣಾದುರೈ ಪ್ರತ್ಯೇಕತೆಯ ಪ್ರಚಾರವನ್ನು ನಿಲ್ಲಿಸಿ ಸರ್ಕಾರದ ಬೆನ್ನಿಗೆ ನಿಂತರು. ಮನೆ ಇದ್ದರೆ ತಾನೆ ಹೆಂಚು ಬದಲಿಸುವುದು ಎಂಬ ಅವರ ಮಾತು ಆ ಹೊತ್ತಿನದು. 1963ರಲ್ಲಿ ಸಂವಿಧಾನದ ಹದಿನಾರನೇ ತಿದ್ದುಪಡಿ ಬಂದು, ಚುನಾವಣೆಗೆ ನಿಲ್ಲುವವರೆಲ್ಲ ದೇಶದ ಸಾರ್ವಭೌಮತೆಯನ್ನೂ ಅಖಂಡತೆಯನ್ನೂ ಎತ್ತಿಹಿಡಿಯುವ ಪ್ರಮಾಣ ಮಾಡಬೇಕಾಯಿತು. ಪಕ್ಷ ತನ್ನ ಬೇಡಿಕೆಯನ್ನು ಅಧಿಕೃತವಾಗಿಯೇ ಕೈಬಿಟ್ಟಿತು. ಬೇಡಿಕೆ ಬಿಟ್ಟಿದ್ದೇವೆ, ಅದಕ್ಕೆ ಕಾರಣಗಳು ಹಾಗೆಯೇ ಉಳಿದಿವೆ ಎಂದು ಅಣ್ಣಾದುರೈ ಹೇಳಿದರು.

ಇದನ್ನೇ ಶರಣಾಗತಿ ಎಂದು ಕರೆದವರಿದ್ದರು, ಜಾಣತನ ಎಂದವರೂ ಇದ್ದರು. ನಾನು ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಶೀರ್ಷಿಕೆ ಸುಳ್ಳಾದಾಗ ಶೀರ್ಷಿಕೆಯನ್ನು ಕಿತ್ತುಹಾಕಿ ಕೆಳಗಿನ ವರದಿಯನ್ನು ಉಳಿಸಿಕೊಳ್ಳುವುದು ಡೆಸ್ಕಿನಲ್ಲಿ ನಿತ್ಯದ ಕೆಲಸ. ಪ್ರತ್ಯೇಕ ದೇಶ ಎಂಬ ಶೀರ್ಷಿಕೆ ಹೋಯಿತು. ರಾಜ್ಯಗಳಿಗೆ ಹೆಚ್ಚು ಅಧಿಕಾರ ಬೇಕು, ಒಂದು ಭಾಷೆ ಇನ್ನೊಂದರ ತಲೆಯ ಮೇಲೆ ಕೂರಬಾರದು ಎಂಬ ವರದಿ ಉಳಿಯಿತು. ಇಪ್ಪತ್ತು ವರ್ಷ ತನ್ನ ಪತ್ರಿಕೆಯ ಮುಖಪುಟದ ಮೇಲಿದ್ದ ಹೆಸರನ್ನೇ ಹೊಡೆದು ಹಾಕಲು ಸಂಪಾದಕನಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದನ್ನು ಮಾತ್ರ ಟೀಕಾಕಾರರು ಲೆಕ್ಕಕ್ಕೆ ಹಿಡಿಯಲಿಲ್ಲ.

ರಾಜ್ಯಸಭೆಯಲ್ಲಿಯೇ ಆ ವರ್ಷ ಬಂಗಾಳದ ಕಮ್ಯುನಿಸ್ಟ್ ಸದಸ್ಯ ಭೂಪೇಶ ಗುಪ್ತ ಅವರು ಮದ್ರಾಸ್ ರಾಜ್ಯಕ್ಕೆ ತಮಿಳು ಹೆಸರಿಡಬೇಕೆಂದು ತಂದಿದ್ದ ಖಾಸಗಿ ಮಸೂದೆಯ ಚರ್ಚೆ ನಡೆಯಿತು. ಹೆಸರು ಬದಲಿಸಿ ನಿಮಗೆ ಸಿಗುವ ಲಾಭವೇನು ಎಂದು ಸದಸ್ಯರೊಬ್ಬರು ಕೇಳಿದರು. ಪಾರ್ಲಿಮೆಂಟನ್ನು ಲೋಕಸಭೆ ಎಂದು ಕರೆದು, ಪ್ರೆಸಿಡೆಂಟರನ್ನು ರಾಷ್ಟ್ರಪತಿ ಎಂದು ಕರೆದು ನಿಮಗೆ ಸಿಕ್ಕ ಲಾಭವೇನು ಎಂದು ಅಣ್ಣಾದುರೈ ತಿರುಗಿ ಕೇಳಿದರು. ಹಿಂದಿ ಬಹುಸಂಖ್ಯಾತರ ಭಾಷೆ ಎಂಬ ವಾದಕ್ಕೆ ಅವರು ಕೊಟ್ಟ ಉತ್ತರವೂ ಪ್ರಸಿದ್ಧವೇ. ಎಣಿಕೆಯೇ ಮುಖ್ಯವಾಗಿದ್ದರೆ ರಾಷ್ಟ್ರಪಕ್ಷಿ ಕಾಗೆಯಾಗಬೇಕಿತ್ತು, ನವಿಲಲ್ಲ. ಈ ಎರಡೂ ಉತ್ತರಗಳಲ್ಲಿ ವಾದ ಒಂದೇ ಸಾಲಿನಲ್ಲಿ ಮುಗಿಯುತ್ತದೆ, ಮರುದಿನದ ಪತ್ರಿಕೆಯಲ್ಲಿ ಚೌಕಟ್ಟಿನೊಳಗೆ ಕೂರುತ್ತದೆ. ಮಸೂದೆ ಮಾತ್ರ ಬಿದ್ದುಹೋಯಿತು.

1965ರ ಹಿಂದಿ ವಿರೋಧಿ ಭಾಷಾ ಚಳವಳಿಯ ವಿಷಯ ನಿಮಗೆ ತಿಳಿದದ್ದೇ. 1967ರಲ್ಲಿ ಡಿಎಂಕೆ 234 ಸ್ಥಾನಗಳಲ್ಲಿ 137ನ್ನು ಗೆದ್ದಿತು, ವಿರುದುನಗರದಲ್ಲಿ ಕಾಮರಾಜರು ಒಬ್ಬ ವಿದ್ಯಾರ್ಥಿ ನಾಯಕನ ಎದುರು ಸೋತರು. ಅಣ್ಣಾದುರೈ ವಿಧಾನಸಭೆಗೆ ಸ್ಪರ್ಧಿಸಿರಲೇ ಇಲ್ಲ. ದಕ್ಷಿಣ ಮದ್ರಾಸಿನಿಂದ ಲೋಕಸಭೆಗೆ ನಿಂತು ಗೆದ್ದಿದ್ದರು. ರಾಜ್ಯದಲ್ಲಿ ಅಧಿಕಾರ ಇಷ್ಟು ಬೇಗ ಕೈಗೆ ಬರುತ್ತದೆಂದು ಅವರೂ ಎಣಿಸಿರಲಿಲ್ಲವೆಂದು ಇದರಿಂದ ತೋರುತ್ತದೆ. ಮಾರ್ಚ್ 6ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿ, ಆಮೇಲೆ ವಿಧಾನ ಪರಿಷತ್ತಿನ ಸದಸ್ಯರಾದರು. ಗೆದ್ದ ಕೂಡಲೇ ತಿರುಚಿಗೆ ಹೋಗಿ, ಹದಿನೆಂಟು ವರ್ಷ ದೂರವಾಗಿದ್ದ, ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರ ಪ್ರಚಾರ ಮಾಡಿದ್ದ ಪೆರಿಯಾರ್ ಅವರನ್ನು ಕಂಡರು.

ಚುನಾವಣೆಯಲ್ಲಿ ಅವರ ಪಕ್ಷ ರೂಪಾಯಿಗೆ ಮೂರು ಪಡಿ ಅಕ್ಕಿ ಕೊಡುವುದಾಗಿ ಹೇಳಿತ್ತು. ಮಾತು ಕೊಡುವಾಗಲೇ ಅದಕ್ಕೊಂದು ಬಾಲವನ್ನೂ ಅಂಟಿಸಿದ್ದರು: ಮೂರು ಪಡಿ ಗುರಿ, ಒಂದು ಪಡಿ ಖಚಿತ. ಈ ಬಾಲ ಯಾರು ಬರೆದದ್ದೋ, ಪಕ್ಕಾ ಡೆಸ್ಕಿನ ಕೈ! ಅಧಿಕಾರಕ್ಕೆ ಬಂದ ಮೇಲೆ ಮದ್ರಾಸ್ ಮತ್ತು ಕೊಯಮತ್ತೂರು ನಗರಗಳಲ್ಲಿ ರೂಪಾಯಿಗೆ ಒಂದು ಪಡಿ ಕೊಟ್ಟರು. ಖಜಾನೆಯ ಮಿತಿಯಿಂದ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಲಾಗಲಿಲ್ಲ. ಅರ್ಥಶಾಸ್ತ್ರ ಓದಿದವರಿಗೆ ಈ ಲೆಕ್ಕ ಮೊದಲೇ ಹೊಳೆಯಬೇಕಿತ್ತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಮೂರು ಪಡಿಯನ್ನು ನೆಚ್ಚಿ ಮತ ಹಾಕಿದ ಹಳ್ಳಿಗನಿಗೆ ಬಾಲದ ಸೂಕ್ಷ್ಮದಿಂದ ಹೊಟ್ಟೆ ತುಂಬುವುದಿಲ್ಲ.

ಮದುವೆಯ ಕಾಯಿದೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಪುರೋಹಿತರಿಲ್ಲದೆ, ಮಂತ್ರ-ಹೋಮಗಳಿಲ್ಲದೆ, ಹಿರಿಯರ ಎದುರು ಹಾರ ಬದಲಿಸಿ ಮದುವೆಯಾಗುವ ಪದ್ಧತಿಯನ್ನು ಪೆರಿಯಾರ್ 1920ರ ದಶಕದ ಕೊನೆಯಿಂದಲೇ ಬೆಳೆಸಿದ್ದರು. ಸ್ವಾಭಿಮಾನ ವಿವಾಹ ಎಂದು ಅದರ ಹೆಸರು. ಸಾವಿರಾರು ಜೋಡಿಗಳು ಹಾಗೆ ಮದುವೆಯಾದರು. ಆದರೆ 1950ರ ದಶಕದಲ್ಲಿ ಮದ್ರಾಸ್ ಹೈಕೋರ್ಟ್ ಅಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯಲ್ಲ ಎಂದಿತು. ಒಂದು ತಲೆಮಾರಿನ ದಂಪತಿಗಳ ಮಕ್ಕಳಿಗೆ ಆಸ್ತಿಯ ಹಕ್ಕೇ ಅನುಮಾನಕ್ಕೆ ಬಿತ್ತು. 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯಿದೆಗೆ ರಾಜ್ಯದ ತಿದ್ದುಪಡಿ ತಂದು, ಬಂಧುಗಳ ಅಥವಾ ಸ್ನೇಹಿತರ ಎದುರು ವಧುವರರು ಪರಸ್ಪರ ಒಪ್ಪಿ ಹೇಳಿದರೆ, ಇಲ್ಲವೇ ಹಾರ ಬದಲಿಸಿದರೆ, ಉಂಗುರ ತೊಡಿಸಿದರೆ ಅಥವಾ ತಾಳಿ ಕಟ್ಟಿದರೆ ಆ ಮದುವೆ ಸಿಂಧು ಎಂದು ಸಾರಿತು. ಹಿಂದೆ ಆಗಿಹೋಗಿದ್ದ ಮದುವೆಗಳಿಗೂ ಅದು ಅನ್ವಯಿಸಿತು. ಕರಡಿನಲ್ಲಿ 'ಮತ್ತು' ಎಂದಿದ್ದ ಕಡೆ 'ಅಥವಾ' ಎಂದು ಬದಲಿಸಲು ಪೆರಿಯಾರ್ ಅವರೇ ಸೂಚಿಸಿದರೆಂದು ದ್ರಾವಿಡ ಚಳವಳಿಯವರು ಹೇಳುತ್ತಾರೆ. ಅದು ನಡೆದ ಸಂಗತಿಯೋ ಬೆಳೆದ ಕಥೆಯೋ, ಆ ಒಂದು ಪದದ ಬೆಲೆಯನ್ನು ಮಾತ್ರ ನೀವು ಗಮನಿಸಿ. 'ಮತ್ತು' ಇದ್ದರೆ ತಾಳಿ ಕಡ್ಡಾಯ, 'ಅಥವಾ' ಇದ್ದರೆ ತಾಳಿ ಇಲ್ಲದೆಯೂ ಮದುವೆ ಮದುವೆಯೇ. ಒಬ್ಬ ಹೆಣ್ಣುಮಗಳ ಕೊರಳು ಒಂದು ಸಂಯೋಜಕ ಪದದ ಮೇಲೆ ನಿಂತಿತ್ತು.

1967ರ ಜುಲೈ 18ರಂದು, ಹಿಂದೆ ಬಿದ್ದುಹೋಗಿದ್ದ ಅದೇ ಹೆಸರಿನ ನಿರ್ಣಯ ವಿಧಾನಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಅಣ್ಣಾದುರೈ ಎದ್ದು ತಮಿಳುನಾಡು ಎಂದು ಮೂರು ಬಾರಿ ಕೂಗಿದಾಗ, ಪ್ರತಿ ಸಲವೂ ಸದಸ್ಯರು ಬಾಳಲಿ ಎಂದು ಮಾರ್ದನಿ ಕೊಟ್ಟರು. ಮರುವರ್ಷದ ಜನವರಿಯಲ್ಲಿ ತಮಿಳು ಮತ್ತು ಇಂಗ್ಲಿಷ್ ಮಾತ್ರ ಸಾಕೆಂಬ ದ್ವಿಭಾಷಾ ನಿರ್ಣಯವೂ ಬಂತು.

ಸದನದಲ್ಲಿ ಒಮ್ಮೆ ಕಾಂಗ್ರೆಸ್ ಸದಸ್ಯರೊಬ್ಬರು ಇಂಗ್ಲಿಷಿನಲ್ಲಿ, ನಿಮ್ಮ ದಿನಗಳು ಎಣಿಕೆಯಲ್ಲಿವೆ ಎಂದು ಚುಚ್ಚಿದರಂತೆ. ನನ್ನ ಹೆಜ್ಜೆಗಳು ಅಳತೆಯಲ್ಲಿವೆ ಎಂದು ಮುಖ್ಯಮಂತ್ರಿಗಳು ಉತ್ತರ ಕೊಟ್ಟರಂತೆ. ಎಷ್ಟೋ ಮಂದಿ ಹೇಳುತ್ತಾ ಬಂದ ಮಾತು ಇದು. ಚುಚ್ಚಿದವರಿಗೆ ತಮ್ಮ ಮಾತು ಎಷ್ಟು ನಿಜವಾಗಲಿದೆ ಎಂದು ತಿಳಿದಿರಲಿಲ್ಲ. 1968ರ ಸೆಪ್ಟೆಂಬರಿನಲ್ಲಿ ಅಣ್ಣಾದುರೈ ಕ್ಯಾನ್ಸರ್ ಚಿಕಿತ್ಸೆಗಾಗಿ ನ್ಯೂಯಾರ್ಕಿಗೆ ಹೋದರು.

ಅವರ ಆಡಳಿತದ ಮೇಲಿನ ಅತಿ ಕರಾಳ ಕಲೆ ಆ ವರ್ಷದ ಡಿಸೆಂಬರ್ 25ರ ರಾತ್ರಿಯದು. ಆಗಿನ ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ ಹೆಚ್ಚು ಕೂಲಿ ಕೇಳಿದ ದಲಿತ ಕೃಷಿ ಕಾರ್ಮಿಕರ ಕುಟುಂಬಗಳ 44 ಮಂದಿಯನ್ನು ಗುಡಿಸಲಿನೊಳಗೆ ಸುಟ್ಟುಹಾಕಲಾಯಿತು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಮುಖ್ಯಮಂತ್ರಿ ಆಗ ತೀವ್ರ ಅಸ್ವಸ್ಥರು. ಮಂತ್ರಿಗಳನ್ನು ಸ್ಥಳಕ್ಕೆ ಕಳಿಸಿದರು. ಕಾಯಿಲೆಯನ್ನು ಗಣನೆಗೆ ತೆಗೆದುಕೊಂಡರೂ, ಜಾತಿಯ ವಿರುದ್ಧ ಮೂವತ್ತು ವರ್ಷ ಬರೆದವರ ಸರ್ಕಾರದ ಕಾಲದಲ್ಲಿ ಇದು ನಡೆಯಿತು ಎಂಬುದನ್ನು ಅವರನ್ನು ಮೆಚ್ಚುವ ನನ್ನಂಥವರು ಹೇಳದೆ ಬಿಡುವಂತಿಲ್ಲ. ಈ ಜಾಗದಲ್ಲಿ ತಿದ್ದುವ ಕೈಗೆ ತಿದ್ದಲು ಏನೂ ಉಳಿದಿರಲಿಲ್ಲ.

1969ರ ಜನವರಿ 14, ಪೊಂಗಲ್ ದಿನ, ಮದ್ರಾಸ್ ರಾಜ್ಯ ಕಾನೂನಿನ ಪ್ರಕಾರ ತಮಿಳುನಾಡಾಯಿತು. ನಮ್ಮ ಮೈಸೂರು ಕರ್ನಾಟಕವಾಗಲು ಇನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಸಮಯ ಬೇಕಾಯಿತು. ಆ ಪೊಂಗಲ್ ಹೊತ್ತಿಗೆ ಅಣ್ಣಾದುರೈ ತಮ್ಮ ಪತ್ರಿಕೆಗೆ ಒಂದು ಬರಹ ಕೊಟ್ಟರು. ಮುಖ್ಯಮಂತ್ರಿಯಾಗಿ ಎರಡು ವರ್ಷ ಸಮೀಪಿಸುತ್ತಿದ್ದರೂ, ಮೈಯಲ್ಲಿ ಶಕ್ತಿ ಇರದಿದ್ದರೂ, ಸಂಚಿಕೆಗೆ ಕಾಪಿ ಕೊಡುವ ಅಭ್ಯಾಸ ಬಿಟ್ಟಿರಲಿಲ್ಲ. ಅಧಿಕಾರದ ಮೇಲೆ ತನಗೆ ಮೋಹವಿಲ್ಲವೆಂದೂ, ಸಂವಿಧಾನ ಕಾಗದದ ಮೇಲೆ ಒಕ್ಕೂಟದ್ದಾದರೂ ನಡವಳಿಕೆಯಲ್ಲಿ ಹೆಚ್ಚು ಹೆಚ್ಚು ಕೇಂದ್ರದ ಕಡೆಗೆ ವಾಲುತ್ತಿದೆ ಎಂಬುದನ್ನು ಜನ ಅರಿಯುವಂತಾದರೆ ತಾನು ಅಧಿಕಾರದಲ್ಲಿರುವುದಕ್ಕೆ ಬೆಲೆಯುಂಟೆಂದೂ ಅದರಲ್ಲಿ ಹೇಳಿಕೊಂಡರು. ಫೆಬ್ರವರಿ 3ರಂದು ತೀರಿಕೊಂಡರು. ಆ ಕೊನೆಯ ಬರಹವೂ ಸರ್ಕಾರದ ಹೇಳಿಕೆಯ ರೂಪದಲ್ಲಿರಲಿಲ್ಲ, ತಮ್ಮನಿಗೆ ಬರೆದ ಕಾಗದವಾಗಿತ್ತು.